ಕೊನೆಯವರಿಗೆ ಮೊದಲ ಆಯ್ಕೆ: ಹ್ಯಾರಿ ಶೀಜಲ್ ಆಡಿದ ಮೊದಲ ಸೀಸನ್ ಮತ್ತು ನಮ್ಮ ಮೆರಿಟ್ ಜಗಳ



ಮೀಸಲಾತಿ ಚರ್ಚೆ ಎದ್ದಾಗಲೆಲ್ಲ ವಾಟ್ಸಾಪಲ್ಲಿ ಒಂದು ಮೆಸೇಜ್ ತಪ್ಪದೆ ಬರುತ್ತೆ. "ಹಾಗಾದ್ರೆ ಕ್ರಿಕೆಟ್ ಟೀಮಲ್ಲೂ ಮೀಸಲಾತಿ ಕೊಟ್ಬಿಡಿ. ಎಸ್‌ಸಿ ಬ್ಯಾಟ್ಸ್‌ಮನ್‌ಗೆ ಬೌಂಡರಿ ಗೆರೆ ಹತ್ತಿರಕ್ಕೆ ಎಳೀರಿ, ಅರವತ್ತು ಹೊಡೆದ್ರೆ ಸೆಂಚುರಿ ಅಂತ ಬರ್ಕೊಳ್ಳಿ." ಕಳಿಸಿದವರು ನಗೋ ಇಮೋಜಿ ಹಾಕ್ತಾರೆ. ಆಟ ಅಂದ್ರೆ ಶುದ್ಧ ಮೆರಿಟ್, ಅಲ್ಲಿ ಗಣಿತ ಬರಲ್ಲ, ಯಾರಿಗೂ ರಿಯಾಯಿತಿ ಇಲ್ಲ ಅನ್ನೋದು ಅವರ ನಂಬಿಕೆ.

ಆ ನಂಬಿಕೆಗೆ ಉತ್ತರವಾಗಿ ನಾನು ಇವತ್ತು ಒಬ್ಬ ಆಟಗಾರನ ಕತೆ ಹೇಳ್ತೀನಿ. ದೇಶ ಆಸ್ಟ್ರೇಲಿಯಾ. ಆಟ ಅವರದೇ ಫುಟ್‌ಬಾಲ್, ಲೀಗ್ ಹೆಸರು ಎಎಫ್‌ಎಲ್. ಹುಡುಗನ ಹೆಸರು ಹ್ಯಾರಿ ಶೀಜಲ್. ವರ್ಷ 2023. ಪೋಸ್ಟ್ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಆಟ ಏನು ಅಂತ ಎರಡು ಮಾತು. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ. ಒಂದೊಂದು ಕಡೆ 18 ಜನ. ಚೆಂಡನ್ನು ಒದೀಬಹುದು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆದು ದಾಟಿಸಬಹುದು. ಎಸೆಯೋ ಹಾಗಿಲ್ಲ. ನಡುವಿನ ಎರಡು ಕಂಬದ ಮಧ್ಯೆ ಒದ್ದು ದಾಟಿಸಿದ್ರೆ 6 ಅಂಕ, ಪಕ್ಕದ ಕಂಬದ ಸಂದಿಯಲ್ಲಿ ಹೋದ್ರೆ 1 ಅಂಕ. ಹಿಂದೆ ನಿಂತು ಕಾಯೋ ಡಿಫೆಂಡರ್‌ಗಳಲ್ಲಿ ಹಾಫ್ ಬ್ಯಾಕ್ ಅನ್ನೋ ಜಾಗ ಇದೆ. ಎದುರಾಳಿಯ ದಾಳಿಯನ್ನು ಮುರಿಯೋದು ಅವನ ಅರ್ಧ ಕೆಲಸ. ಮುರಿದ ಮೇಲೆ ಗಾಬರಿಯಾಗದೆ, ಯಾರ ಕೈಗೆ ಚೆಂಡು ಕೊಡಬೇಕು ಅಂತ ಯೋಚಿಸಿ ತನ್ನ ತಂಡವನ್ನು ಮುಂದಕ್ಕೆ ಕರ್ಕೊಂಡು ಹೋಗೋದು ಇನ್ನರ್ಧ.

ಶೀಜಲ್ ಮೆಲ್ಬರ್ನಿನ ಯಹೂದಿ ಸಮುದಾಯದ ಹುಡುಗ. ಜೂನಿಯರ್ ಮಟ್ಟದಲ್ಲಿ ಗೋಲು ಹೊಡೀತಿದ್ದ ಫಾರ್ವರ್ಡ್. ನಾರ್ತ್ ಮೆಲ್ಬರ್ನ್ ಕ್ಲಬ್‌ಗೆ ಬಂದ ಮೇಲೆ ಅವನನ್ನು ಹಿಂದಕ್ಕೆ ಹಾಕಿದರು, ಹಾಫ್ ಬ್ಯಾಕ್‌ನಲ್ಲಿ ನಿಲ್ಲಿಸಿದರು. ಆಗ ಅವನಿಗೆ 18 ವರ್ಷ. 2023ರ ಮೊದಲ ಸುತ್ತಿನಲ್ಲಿ ವೆಸ್ಟ್ ಕೋಸ್ಟ್ ವಿರುದ್ಧ ಚೊಚ್ಚಲ ಪಂದ್ಯ. ಒಂದೇ ಪಂದ್ಯದಲ್ಲಿ 34 ಸಲ ಚೆಂಡು ಹಿಡಿದು ದಾಟಿಸಿದ. ಅನುಭವಸ್ಥರಿಗೂ ಇದು ದೊಡ್ಡ ಲೆಕ್ಕ. ತಂಡ 5 ಅಂಕದಲ್ಲಿ ಗೆದ್ದಿತು.

ಆಮೇಲೆ ಏನಾಯ್ತು ನೋಡಿ. ನಾರ್ತ್ ಎರಡನೇ ಪಂದ್ಯವನ್ನೂ ಗೆದ್ದಿತು. ಅಲ್ಲಿಂದ ಸತತ 20 ಪಂದ್ಯ ಸೋತಿತು! ಕೊನೆಯ ಪಂದ್ಯ ಗೆದ್ದು, 23ರಲ್ಲಿ ಬರೀ 3 ಗೆಲುವಿನೊಂದಿಗೆ 18 ತಂಡಗಳಲ್ಲಿ 17ನೇ ಸ್ಥಾನಕ್ಕೆ ನಿಂತಿತು. ಸೋಲೋ ತಂಡದ ಡಿಫೆಂಡರ್ ಪಾಡು ನಿಮಗೆ ಬಿಡಿಸಿ ಹೇಳಬೇಕಿಲ್ಲ. ದಾಳಿ ಮೇಲೆ ದಾಳಿ, ಚೆಂಡು ತಿರುಗಿ ತಿರುಗಿ ಅವನ ತಲೆ ಮೇಲೇ ಬಂದು ಬೀಳುತ್ತೆ. ಇಂಥ ವರ್ಷದಲ್ಲಿ ಈ ಹುಡುಗ ಲೀಗಿನ ಅತ್ಯುತ್ತಮ ಯುವ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ತಗೊಂಡ. ಅಷ್ಟೇ ಅಲ್ಲ, ತನ್ನ ಕ್ಲಬ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಸಿಗುವ ಸಿಡ್ ಬಾರ್ಕರ್ ಪದಕವನ್ನೂ ಮೊದಲ ವರ್ಷವೇ ಗೆದ್ದ. ಹತ್ತು ಹತ್ತು ವರ್ಷ ಆಡಿದ ಹಿರಿಯರೆಲ್ಲ ಇದ್ದ ತಂಡದಲ್ಲಿ.

ಕೆಲವರು ಕೊಂಕು ತೆಗೆದರು. ಹಿಂದೆ ನಿಂತವನಿಗೆ ಚೆಂಡು ಸುಲಭವಾಗಿ ಸಿಗುತ್ತೆ, ಸೋಲೋ ತಂಡದಲ್ಲಿ ಅಂಕಿ ಸಂಖ್ಯೆ ಉಬ್ಬುತ್ತೆ ಅಂತ. ಈ ರಾಗ ಕೇಳಿದ ಹಾಗಿದೆ ಅಲ್ವಾ? ನಮ್ಮ ಮಕ್ಕಳು ಡಿಸ್ಟಿಂಕ್ಷನ್ ತಗೊಂಡ್ರೆ "ಪೇಪರ್ ಈಸಿ ಇತ್ತು" ಅಂತಾರಲ್ಲ, ಅದೇ ರಾಗ.

ಈಗ ವಿಷಯಕ್ಕೆ ಬರ್ತೀನಿ. ಇಷ್ಟು ಒಳ್ಳೆಯ ಆಟಗಾರ ಇಷ್ಟು ಕೆಟ್ಟ ತಂಡಕ್ಕೆ ಯಾಕೆ ಬಂದ?

ಯಾಕೆಂದ್ರೆ ನಿಯಮ ಇದೆ. ಎಎಫ್‌ಎಲ್‌ನಲ್ಲಿ ಹೊಸ ಹುಡುಗರು ತಮಗೆ ಬೇಕಾದ ಕ್ಲಬ್ ಸೇರೋ ಹಾಗಿಲ್ಲ. ಪ್ರತಿವರ್ಷ ಡ್ರಾಫ್ಟ್ ನಡೆಯುತ್ತೆ. ಪಟ್ಟಿಯಲ್ಲಿ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ, ಕಪ್ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಆಯ್ಕೆ. 2022ರಲ್ಲಿ ನಾರ್ತ್ 22 ಪಂದ್ಯದಲ್ಲಿ 2 ಮಾತ್ರ ಗೆದ್ದು ಕಟ್ಟಕಡೆಗೆ ಬಂದಿತ್ತು. ಮೊದಲ ಆಯ್ಕೆಯ ಹಕ್ಕು ಅವರದಾಯ್ತು. ಅದನ್ನು ಬೇರೆ ಕ್ಲಬ್‌ಗಳ ಜೊತೆ ವಿನಿಮಯ ಮಾಡಿ ಎರಡನೇ ಮತ್ತು ಮೂರನೇ ಆಯ್ಕೆ ಪಡೆದರು. ಆ ದಾರಿಯಲ್ಲಿ ಬಂದವನು ಶೀಜಲ್.

ಈ ವ್ಯವಸ್ಥೆ 1986ರಲ್ಲಿ ಶುರುವಾಯ್ತು. ಅದೇ ದಶಕದಲ್ಲಿ ಕ್ಲಬ್‌ಗಳು ಆಟಗಾರರ ಸಂಬಳಕ್ಕೆ ಖರ್ಚು ಮಾಡೋ ಹಣಕ್ಕೂ ಮಿತಿ ಹಾಕಿದರು. ಯಾಕೆ ಅಂತ ಕೇಳಿದ್ರೆ ಉತ್ತರ ಸರಳ. ಹಾಗೆ ಬಿಟ್ರೆ ಶ್ರೀಮಂತ ಕ್ಲಬ್‌ಗಳು ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಳ್ತವೆ. ಗೆದ್ದವರೇ ಗೆಲ್ತಾರೆ, ಗೆಲುವಿನಿಂದ ಹಣ, ಹಣದಿಂದ ಮತ್ತೆ ಗೆಲುವು. ಕಾರ್ಲ್ಟನ್, ಕಾಲಿಂಗ್‌ವುಡ್, ಎಸೆಂಡನ್ ಈ ಮೂರು ಕ್ಲಬ್‌ಗಳ ಹೆಸರಲ್ಲಿ ತಲಾ 16 ಕಪ್ ಇವೆ. 1925ರಲ್ಲಿ ದೊಡ್ಡ ಲೀಗಿಗೆ ಬಂದ ನಾರ್ತ್ ಮೊದಲ ಕಪ್ ಎತ್ತಿದ್ದು 1975ರಲ್ಲಿ. ಪೂರ್ತಿ ಐವತ್ತು ವರ್ಷ! ಇವತ್ತಿಗೂ ಅವರ ಹತ್ತಿರ ಇರೋದು 4 ಕಪ್. 2007ರಲ್ಲಿ "ನಿಮ್ಮಿಂದ ಆಗಲ್ಲ, ಗೋಲ್ಡ್ ಕೋಸ್ಟ್‌ಗೆ ಗಂಟುಮೂಟೆ ಕಟ್ಟಿ" ಅನ್ನೋ ಧಾಟಿಯಲ್ಲಿ ಲೀಗ್ ಒತ್ತಡ ಹಾಕಿತ್ತು. ಸದಸ್ಯರು ಹೋಗಲ್ಲ ಅಂತ ಪಟ್ಟು ಹಿಡಿದು ತಮ್ಮ ಜಾಗದಲ್ಲೇ ಉಳಿದರು. ಒಕ್ಕಲೆಬ್ಬಿಸೋದು ಅಂದ್ರೇನು ಅಂತ ಗೊತ್ತಿರೋ ನಮಗೆ ಈ ಕ್ಲಬ್ ಮೇಲೆ ಒಂಚೂರು ಪ್ರೀತಿ ಹುಟ್ಟಿದ್ರೆ ತಪ್ಪಲ್ಲ.

ಈಗ ಹೇಳಿ. ಕೊನೆಯವನಿಗೆ ಮೊದಲ ಆಯ್ಕೆ ಕೊಟ್ಟಿದ್ದರಿಂದ ಆಟದ ಗುಣಮಟ್ಟ ಬಿತ್ತಾ? ಶೀಜಲ್‌ಗೋಸ್ಕರ ಯಾರಾದ್ರೂ ಗೋಲಿನ ಕಂಬ ಅಗಲ ಮಾಡಿದ್ರಾ? ಇಲ್ಲ. ಮೈದಾನಕ್ಕೆ ಇಳಿದ ಮೇಲೆ ಎಲ್ಲರಿಗೂ ಒಂದೇ ಅಳತೆ, ಒಂದೇ ಸಮಯ, ಒಂದೇ ಸ್ಕೋರ್‌ಬೋರ್ಡ್. ನಿಯಮ ಕೆಲಸ ಮಾಡೋದು ಬಾಗಿಲಲ್ಲಿ. ಒಳಗೆ ಬಂದ ಮೇಲೆ ಆಟ ಅವನದೇ. ಮೀಸಲಾತಿನೂ ಸೀಟಿನ ಬಾಗಿಲಲ್ಲಿ ಕೆಲಸ ಮಾಡುತ್ತೆ. ಡಿಗ್ರಿ ಪರೀಕ್ಷೆಯ ಪಾಸ್ ಮಾರ್ಕು ಎಲ್ಲರಿಗೂ ಒಂದೇ.

ದೂರದ ಉದಾಹರಣೆ ಬೇಡ ಅನ್ನೋರಿಗೆ ಐಪಿಎಲ್ ಇದೆ. ಎಲ್ಲ ಫ್ರಾಂಚೈಸಿಗೂ ಒಂದೇ ಮೊತ್ತದ ಥೈಲಿ. 2025ರ ಸೀಸನ್‌ಗೆ ತಲಾ 120 ಕೋಟಿ. ಮಾಲೀಕ ಎಷ್ಟೇ ದೊಡ್ಡ ಕುಳ ಆಗಿರಲಿ, ಒಂದು ರೂಪಾಯಿ ಮೇಲೆ ಹೋಗೋ ಹಾಗಿಲ್ಲ. "ದುಡ್ಡು ನಮ್ಮದು, ತಾಕತ್ತು ನಮ್ಮದು, ಮಿತಿ ಯಾಕೆ, ಮೆರಿಟ್ ಸತ್ತೋಯ್ತು" ಅಂತ ಯಾವ ಅಭಿಮಾನಿ ಬೀದಿಗಿಳಿದಿದ್ದಾನೆ? ಸ್ಪರ್ಧೆ ಸ್ಪರ್ಧೆಯಾಗಿ ಉಳೀಬೇಕಾದ್ರೆ ಆರಂಭದ ಗೆರೆಯನ್ನು ಸರಿ ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ತಂಡಗಳ ವಿಷಯದಲ್ಲಿ ಗೊತ್ತು. ಮನುಷ್ಯರ ವಿಷಯ ಬಂದಾಗ ಮರೆತು ಹೋಗುತ್ತೆ.

ಇದೇ ನನ್ನ ಇವತ್ತಿನ ಮಾತು. ಆಸ್ಟ್ರೇಲಿಯಾದಲ್ಲೂ ಮರೆತು ಹೋಯ್ತು. ಅದೂ ಇದೇ 2023ರಲ್ಲಿ.

ಸೆಪ್ಟೆಂಬರ್‌ನಲ್ಲಿ ಶೀಜಲ್‌ಗೆ ಪ್ರಶಸ್ತಿ ಬಂತು. ಅಕ್ಟೋಬರ್ 14ಕ್ಕೆ ಆ ದೇಶದಲ್ಲಿ ಒಂದು ಜನಮತಗಣನೆ ನಡೀತು. ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪಗಳ ಮೂಲನಿವಾಸಿಗಳನ್ನು ಸಂವಿಧಾನದಲ್ಲಿ ಗುರುತಿಸಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಸಂಸತ್ತಿಗೆ ಸಲಹೆ ಕೊಡಲು ಅವರದೊಂದು ಮಂಡಳಿ ಮಾಡಬೇಕಾ ಬೇಡವಾ ಅಂತ. ಬರೀ ಸಲಹೆ. ಕಾನೂನು ತಡೆಯೋ ಅಧಿಕಾರ ಇಲ್ಲ, ಸೀಟಿಲ್ಲ, ಕೋಟಾ ಇಲ್ಲ. ನೂರಕ್ಕೆ ಸುಮಾರು 60 ಜನ ಬೇಡ ಅಂದರು. ಆರೂ ರಾಜ್ಯಗಳಲ್ಲಿ ಸೋತಿತು. ಎಎಫ್‌ಎಲ್ ಬಹಿರಂಗವಾಗಿ ಪರ ನಿಂತಿತ್ತು, ಆದರೂ ಸೋತಿತು. ಮೂಲನಿವಾಸಿ ನಾಯಕರಲ್ಲೂ ಭಿನ್ನಾಭಿಪ್ರಾಯ ಇತ್ತು ನಿಜ. ಸಲಹೆ ಸಾಕಾಗಲ್ಲ, ಒಪ್ಪಂದ ಬೇಕು ಅಂತ ಕೆಲವರು ವಿರೋಧಿಸಿದರು, ಬಲಪಂಥದ ಕಡೆಯಿಂದಲೂ ಕೆಲವರು ವಿರೋಧಿಸಿದರು. ಆದರೆ ಜೋರಾಗಿ ಓಡಿದ ವಾದ ಯಾವುದು ಗೊತ್ತಾ? ಎಲ್ಲರೂ ಸಮಾನರು, ಜನಾಂಗದ ಹೆಸರಲ್ಲಿ ದೇಶ ಒಡೀಬೇಡಿ ಅನ್ನೋದು. ನಮ್ಮಲ್ಲಿ "ಜಾತಿ ಹೇಳೋದ್ರಿಂದಲೇ ಜಾತಿ ಉಳಿದಿದೆ" ಅಂತಾರಲ್ಲ, ಅದರ ಖಾಸಾ ತಮ್ಮ.

ಶನಿವಾರ ಮೈದಾನದಲ್ಲಿ ಕೂತು "ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ ಕೊಡೋದೇ ನ್ಯಾಯ" ಅಂತ ತಲೆ ಆಡಿಸೋ ಜನ, ಮತಪೆಟ್ಟಿಗೆ ಮುಂದೆ ನಿಂತಾಗ ನೆಲವನ್ನೇ ಕಳಕೊಂಡ ಜನರಿಗೆ ಒಂದು ಸಲಹಾ ಮಂಡಳಿ ಕೊಡೋಕೂ ಒಪ್ಪಲಿಲ್ಲ. ಕ್ಲಬ್ ಬಡವಾದ್ರೆ ಅದು ವ್ಯವಸ್ಥೆಯ ತಪ್ಪು, ಗಣಿತದಿಂದ ಸರಿ ಮಾಡ್ತಾರೆ. ಜನ ಬಡವಾದ್ರೆ ಅದು ಜನರದೇ ತಪ್ಪು, ಅವರಿಗೆ ಉಪದೇಶ ಮಾಡ್ತಾರೆ.

ಆಟದ ಒಳಗಿನ ಚರಿತ್ರೆಯೂ ಇದನ್ನೇ ಹೇಳುತ್ತೆ. 1927ರಲ್ಲಿ ಡಗ್ ನಿಕೋಲ್ಸ್ ಅನ್ನೋ ಅಬೊರಿಜಿನಲ್ ಯುವಕ ಕಾರ್ಲ್ಟನ್ ಕ್ಲಬ್‌ಗೆ ಆಡಲು ಹೋದ. ಮೈಯಿಂದ ವಾಸನೆ ಬರುತ್ತೆ ಅಂತ ಹೇಳಿ ಅಲ್ಲಿನವರು ಅವನ ಮೈ ತಿಕ್ಕೋಕೆ ಒಪ್ಪಲಿಲ್ಲ. ಅವನು ಅಲ್ಲಿಂದ ಹೊರಬಂದ. ಮುಂದೆ ಫಿಟ್ಜ್‌ರಾಯ್ ಕ್ಲಬ್‌ಗೆ ಆಡಿದ, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದ. ಇವತ್ತು ಎಎಫ್‌ಎಲ್‌ನ ಮೂಲನಿವಾಸಿ ಸುತ್ತಿಗೆ ಅವರದೇ ಹೆಸರು. ಇದನ್ನು ಓದುವಾಗ ನನಗೆ ನೆನಪಾಗೋದು ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ. ಚಮ್ಮಾರ ಸಮುದಾಯದ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಅವರಿಗೆ ಚಹಾ ಪೆವಿಲಿಯನ್ ಹೊರಗೆ, ಬೇರೆ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಯವರೆಗೂ ಸಿಗಲಿಲ್ಲ. ಹೋರಾಟ, ಪ್ರತಿಭಟನೆ ಎಲ್ಲ ಆದ ಮೇಲೆ 1923ರಲ್ಲಿ ತಮ್ಮ ವಿಠಲ್‌ಗೆ ಸಿಕ್ಕಿತು. ಇವರಿಬ್ಬರಿಗೂ ಮೆರಿಟ್ ಕಮ್ಮಿ ಇತ್ತಾ? ಮೆರಿಟ್ ಬೆಟ್ಟದಷ್ಟಿತ್ತು, ಬಾಗಿಲಲ್ಲಿ ನಿಯಮ ಇರಲಿಲ್ಲ.

ಶೀಜಲ್ ಗೆದ್ದ ರೈಸಿಂಗ್ ಸ್ಟಾರ್ ಪ್ರಶಸ್ತಿಯನ್ನೇ 1999ರಲ್ಲಿ ಆಡಂ ಗೂಡ್ಸ್ ಗೆದ್ದಿದ್ದರು. ಅಬೊರಿಜಿನಲ್ ಆಟಗಾರ. ಲೀಗಿನ ಅತಿ ದೊಡ್ಡ ವೈಯಕ್ತಿಕ ಗೌರವವಾದ ಬ್ರೌನ್‌ಲೋ ಪದಕ ಎರಡು ಸಲ, 2014ರಲ್ಲಿ ದೇಶದ ವರ್ಷದ ವ್ಯಕ್ತಿ ಅನ್ನೋ ಗೌರವ. ಜನಾಂಗ ನಿಂದನೆ ಬಗ್ಗೆ ಬಾಯಿ ಬಿಟ್ಟಿದ್ದಕ್ಕೆ 2015ರಲ್ಲಿ ಮೈದಾನ ಮೈದಾನದಲ್ಲೂ ಅವರಿಗೆ ಹೂಯ್ ಅಂತ ಕೂಗಿದರು. ಅದೇ ವರ್ಷ ನಿವೃತ್ತಿಯಾದರು. ಎಎಫ್‌ಎಲ್ ಕ್ಷಮೆ ಕೇಳಿದ್ದು 2019ರಲ್ಲಿ. ಶೀಜಲ್‌ನ ನಾರ್ತ್ ಕ್ಲಬ್ಬಿನಲ್ಲೇ 1980ರ ದಶಕದಲ್ಲಿ ಜಿಮ್ ಮತ್ತು ಫಿಲ್ ಕ್ರಾಕೌರ್ ಅನ್ನೋ ನೂಂಗಾರ್ ಸಮುದಾಯದ ಅಣ್ಣತಮ್ಮಂದಿರು ಆಡಿ ಜನರನ್ನು ಬೆರಗುಗೊಳಿಸಿದ್ದರು. ಮೈದಾನದಲ್ಲಿ ಉಂಡ ಬೈಗುಳಕ್ಕೆ ಲೆಕ್ಕ ಇಲ್ಲ. ಜನಾಂಗ ನಿಂದನೆಯಿಂದ ತಮ್ಮನ್ನು ಕಾಪಾಡಲಿಲ್ಲ ಅಂತ ಎಎಫ್‌ಎಲ್ ಮೇಲೆ ಹೂಡಿದ ಸಾಮೂಹಿಕ ದಾವೆಯ ಮುಂಚೂಣಿಯಲ್ಲಿ ನಿಂತವರು ಫಿಲ್. ಯಾವಾಗ? 2023ರ ಆಗಸ್ಟ್‌ನಲ್ಲಿ. ಅದೇ ಸೀಸನ್!

ಕ್ಲಬ್‌ಗಳ ಅಸಮಾನತೆಗೆ 1986ರಲ್ಲೇ ನಿಯಮ ಬರೆದರು. ಜನಾಂಗ ನಿಂದನೆ ವಿರುದ್ಧ ನಿಯಮ ಬಂದಿದ್ದು 1995ರಲ್ಲಿ, ಅದೂ ಮೈಕೆಲ್ ಲಾಂಗ್ ಅನ್ನೋ ಮೂಲನಿವಾಸಿ ಆಟಗಾರ ತನಗಾದ ಅವಮಾನವನ್ನು ನುಂಗಿಕೊಳ್ಳಲ್ಲ ಅಂತ ನಿಂತ ಮೇಲೆ.

ಇನ್ನೊಂದು ವಿಷಯ ಇದೆ, ಇದು ಮಜಾ ಇದೆ. ಡ್ರಾಫ್ಟಿನಲ್ಲಿ ಅಪ್ಪ-ಮಗ ನಿಯಮ ಅಂತ ಒಂದಿದೆ. ಅಪ್ಪ ಒಂದು ಕ್ಲಬ್‌ಗೆ 100 ಪಂದ್ಯ ಆಡಿದ್ರೆ ಮಗನನ್ನು ಪಡೆಯಲು ಆ ಕ್ಲಬ್‌ಗೆ ಆದ್ಯತೆ. 2022ರ ಡ್ರಾಫ್ಟಿನಲ್ಲಿ ನಾರ್ತ್ ತನ್ನ ಎರಡನೇ ಆಯ್ಕೆಗೆ ಮೊದಲು ಕೂಗಿದ್ದು ವಿಲ್ ಆಶ್‌ಕ್ರಾಫ್ಟ್ ಹೆಸರನ್ನು. ಅವನ ಅಪ್ಪ ಬ್ರಿಸ್ಬೇನ್ ತಂಡದ ಹಳೆಯ ಆಟಗಾರ. ಬ್ರಿಸ್ಬೇನ್ ತನ್ನ ಹಕ್ಕು ಚಲಾಯಿಸಿ ಹುಡುಗನನ್ನು ಕರ್ಕೊಂಡು ಹೋಯ್ತು, ಅದಕ್ಕೆ ತೆರಬೇಕಾದ ಪಾಯಿಂಟ್‌ಗಳಲ್ಲಿ ಆಗ ನೂರಕ್ಕೆ 20 ರಿಯಾಯಿತಿ ಬೇರೆ. ಎರಡು ವರ್ಷದ ಮೇಲೆ ಅವನ ತಮ್ಮನೂ ಅದೇ ದಾರಿಯಲ್ಲಿ ಅದೇ ತಂಡ ಸೇರಿದ. ಬ್ರಿಸ್ಬೇನ್ 2024, 2025 ಎರಡೂ ವರ್ಷ ಕಪ್ ಗೆದ್ದಿತು, ಎರಡೂ ಫೈನಲ್‌ನಲ್ಲಿ ವಿಲ್ ಪಂದ್ಯಶ್ರೇಷ್ಠ. ಹುಡುಗ ಪ್ರತಿಭಾವಂತ, ಅದರಲ್ಲಿ ಎರಡು ಮಾತಿಲ್ಲ. ಹುಟ್ಟಿನ ಹಕ್ಕಿನಲ್ಲಿ ಬಂದವನನ್ನು ಯಾರೂ "ಕೋಟಾ" ಅಂತ ಕರೆಯಲ್ಲ ಅನ್ನೋದನ್ನಷ್ಟೇ ಗಮನಿಸಿ. ಅದಕ್ಕೆ ಪರಂಪರೆ ಅಂತಾರೆ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಮೂಲನಿವಾಸಿ ಮತ್ತು ವಲಸೆ ಕುಟುಂಬಗಳ ಹುಡುಗರನ್ನು ತರಬೇತಿ ಮಾಡಲು ಕ್ಲಬ್‌ಗಳಿಗೆ ಅಕಾಡೆಮಿಗಳಿವೆ. ತಾವು ಬೆಳೆಸಿದ ಹುಡುಗನ ಮೇಲೆ ಆ ಕ್ಲಬ್‌ಗೂ ಅದೇ ಥರ ಆದ್ಯತೆ ಇತ್ತು. 2020ರಲ್ಲಿ ಜಮಾರಾ ಉಗ್ಲ್-ಹೇಗನ್ ಅನ್ನೋ ಅಬೊರಿಜಿನಲ್ ಹುಡುಗ ಆ ದಾರಿಯಲ್ಲಿ ಇಡೀ ಡ್ರಾಫ್ಟಿನ ಮೊದಲ ಆಯ್ಕೆಯಾದ. ಮುಂದಿನ ವರ್ಷಕ್ಕೆ, ಮೊದಲ 20 ಆಯ್ಕೆಯೊಳಗೆ ಈ ಆದ್ಯತೆ ಇಲ್ಲ ಅನ್ನೋ ನಿಯಮ ಜಾರಿಗೆ ಬಂತು. ಅಪ್ಪ-ಮಗ ನಿಯಮಕ್ಕೆ ಅಂಥ ಗೆರೆ ಹಾಕಲಿಲ್ಲ. ಆಮೇಲೆ ಆ ಗೆರೆಯನ್ನು ತೆಗೆದರು ಅನ್ನೋದು ನಿಜ. ಆದರೆ ಮೊದಲು ಕತ್ತರಿ ಬಿದ್ದಿದ್ದು ಯಾರ ದಾರಿಗೆ, ಬೀಳದೆ ಉಳಿದಿದ್ದು ಯಾರ ದಾರಿ? ಮೂಲನಿವಾಸಿಗಳು ಬೆರಳೆಣಿಕೆಯಷ್ಟೇ ಆಡಿದ್ದ ಕಾಲದಲ್ಲಿ ಅವರ ಮಕ್ಕಳಿಗೆ 100 ಪಂದ್ಯದ ಅಪ್ಪ ಎಲ್ಲಿಂದ ಬರಬೇಕು? ಅಜ್ಜನ ಕಾಲದಿಂದ ಮನೆಯಲ್ಲಿ ಪುಸ್ತಕ, ವಕೀಲಿಕೆ, ಕಚೇರಿ ಇದ್ದವರು ನಮ್ಮ ಮೊದಲ ತಲೆಮಾರಿನ ಪದವೀಧರನಿಗೆ "ಸ್ವಂತ ಶಕ್ತಿ ಮೇಲೆ ಬಾ" ಅನ್ನೋದೂ ಇದೇ ಲೆಕ್ಕ.

ಕೊನೆಯದಾಗಿ ನಮ್ಮೋರಿಗೂ ಒಂದು ಮಾತು.

ಶೀಜಲ್ ಬಂದ ಮೇಲೆ ನಾರ್ತ್ ಎದ್ದು ನಿಂತಿತಾ? 2024ರಲ್ಲಿ ಮತ್ತೆ 17ನೇ ಸ್ಥಾನ. 2025ರಲ್ಲಿ 16. ಅವನಿಗಿಂತ ಹಿಂದಿನ ಡ್ರಾಫ್ಟಿನಲ್ಲಿ ಮೊದಲ ಆಯ್ಕೆಯಾಗಿ ಬಂದಿದ್ದ ಹುಡುಗ ಒಂದೇ ಸೀಸನ್ ಆಡಿ ಬೇರೆ ಕ್ಲಬ್‌ಗೆ ಹೋಗಿಬಿಟ್ಟಿದ್ದ. 2023ರ ಕೊನೆಗೆ ಲೀಗ್ ನಾರ್ತ್‌ಗೆ ಹೆಚ್ಚುವರಿ ಆಯ್ಕೆಗಳ ನೆರವು ಕೊಟ್ಟಿತು, ಬೇರೆ ಕ್ಲಬ್‌ನವರು ಗೊಣಗಿದರು. ನೆರವು ಕೊಟ್ಟರೂ ಒಂದೆರಡು ವರ್ಷಕ್ಕೆ ಫಲ ಬರಲಿಲ್ಲ. ಹಾಗಂತ "ಡ್ರಾಫ್ಟ್ ವ್ಯವಸ್ಥೆ ಸೋತಿತು, ರದ್ದು ಮಾಡಿ" ಅಂತ ಅಲ್ಲಿ ಯಾರೂ ಹೇಳಲ್ಲ. ಇನ್ನೇನು ಬೇಕು, ಕೋಚ್ ಸಾಕಾ, ಹಿರಿಯ ಆಟಗಾರರು ಬೇಕಾ ಅಂತ ಕೇಳ್ತಾರೆ. ನಮ್ಮಲ್ಲಿ ಮಾತ್ರ ಎಪ್ಪತ್ತು ಚಿಲ್ಲರೆ ವರ್ಷಕ್ಕೇ "ಇನ್ನೂ ಎಷ್ಟು ದಿನ?" ಅನ್ನೋ ಪ್ರಶ್ನೆ.

ಒಬ್ಬ ಅದ್ಭುತ ಡಿಫೆಂಡರ್ ಒಂದು ತಂಡವನ್ನು ಒಂಟಿಯಾಗಿ ಎತ್ತಲಾರ. ಒಬ್ಬ ಐಎಎಸ್ ಅಧಿಕಾರಿ, ಒಬ್ಬ ಪ್ರೊಫೆಸರ್ ಕೇರಿಯನ್ನು ಒಂಟಿಯಾಗಿ ಎತ್ತಲಾರರು. "ನೋಡಿ, ನಿಮ್ಮೋನು ಮೇಲೆ ಬಂದ, ಇನ್ನೇನು ಬೇಕು?" ಅಂತ ಒಬ್ಬನನ್ನು ತೋರಿಸಿ ಬಾಯಿ ಮುಚ್ಚಿಸೋ ಆಟಕ್ಕೆ ನಾವು ಬೀಳಬಾರದು. ಸೀಟು ಸಿಕ್ಕಿತು ಅನ್ನೋದು ಡ್ರಾಫ್ಟ್ ರಾತ್ರಿಯ ಖುಷಿ ಅಷ್ಟೇ. ಆಮೇಲೆ ಹಾಸ್ಟೆಲ್ ಸಿಕ್ಕಿತಾ? ಸ್ಕಾಲರ್‌ಶಿಪ್ ಸಮಯಕ್ಕೆ ಬಂತಾ? ಕ್ಲಾಸಲ್ಲಿ ಹೂಯ್ ಅಂತ ಕೂಗಿದಾಗ ಪಕ್ಕದಲ್ಲಿ ಯಾರು ನಿಂತರು? ಬ್ಯಾಕ್‌ಲಾಗ್ ಹುದ್ದೆಗಳು ಭರ್ತಿಯಾದವಾ? ನಮ್ಮ ಹೋರಾಟ ಈ ಪ್ರಶ್ನೆಗಳ ಮೇಲೆ ನಿಲ್ಲಬೇಕು.

ಮತ್ತೆ, ಮೀಸಲಾತಿ ಬಗ್ಗೆ ಮಾತಾಡುವಾಗ ತಲೆ ತಗ್ಗಿಸಿ, ದಯೆ ಕೇಳೋ ದನಿಯಲ್ಲಿ ಮಾತಾಡೋದನ್ನು ನಿಲ್ಲಿಸೋಣ. ಅದು ಭಿಕ್ಷೆ ಅಲ್ಲ, ಆಟದ ನಿಯಮ. ಕೊನೆಯವನಿಗೆ ಮೊದಲ ಆಯ್ಕೆ ಕೊಡದ ಲೀಗ್ ಕೆಲವೇ ವರ್ಷದಲ್ಲಿ ನಾಲ್ಕು ಮನೆಯವರ ಆಸ್ತಿಯಾಗುತ್ತೆ ಅಂತ ಆಟ ನಡೆಸೋ ವ್ಯಾಪಾರಿಗಳಿಗೇ ಗೊತ್ತಿದೆ. ದೇಶ ನಡೆಸೋರಿಗೆ ಗೊತ್ತಾಗಲ್ಲ ಅಂದ್ರೆ ಅದು ಜ್ಞಾನದ ಕೊರತೆ ಅಲ್ಲ, ಮನಸ್ಸಿನ ಕೊರತೆ.

ಶೀಜಲ್‌ಗೆ ಒಳ್ಳೇದಾಗಲಿ. ನಾರ್ತ್ ಒಂದಿನ ಕಪ್ ಎತ್ತಲಿ. ಬೌಂಡರಿ ಗೆರೆ ಹತ್ತಿರಕ್ಕೆ ಎಳೆಯೋ ಜೋಕ್ ಕಳಿಸೋ ಗೆಳೆಯರಿಗೆ ಈ ಪೋಸ್ಟ್ ಫಾರ್ವರ್ಡ್ ಮಾಡಿ.

ಜೈ ಭೀಮ್.